ಇಂಗ್ಲಿಷ್ ಪರೀಕ್ಷೆಗೆ ಮೂರು ಹರಿದ ರೊಟ್ಟಿ

ಹುಬ್ಬಳ್ಳಿಯ ಒಂದು ಹೋಟೆಲಿನ ಎರಡನೇ ಮಹಡಿಯ ಕೋಣೆಯಲ್ಲಿ, ಅದಕ್ಕೂ ಮೊದಲು ನಾನು ಮುಖ ಕೂಡ ನೋಡಿರದ ಒಬ್ಬರು, ಕನ್ನಡಿ ನೋಡಿಕೊಳ್ಳುವುದು ನಿಮಗೆ ಇಷ್ಟವೇ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನು "ಇಲ್ಲ" ಎಂದೆ. ಅವರು ಕಾದರು. ನಾನೂ ಕಾದೆ. ಮನೆಯಲ್ಲಿ ಕನ್ನಡಿಗಳಿವೆಯೇ ಎಂದು ಕೇಳಿದರು. "ಎರಡು" ಎಂದೆ. ಒಂದಕ್ಕೆ ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ಸೇರಿಸಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿ, ಸೇರಿಸಿ, ಹೇಳಿದ್ದೆ. ಮಳೆ ಬಂದರೆ ನಿಮಗೆ ಖುಷಿಯಾಗುತ್ತದೆಯೇ ಎಂದರು. "ಕೆಲವೊಮ್ಮೆ." ಹನ್ನೊಂದು ನಿಮಿಷ ಹೀಗೇ ನಡೆಯಿತು. ಕೇಳಿದ ಒಂದು ಪ್ರಶ್ನೆಗೂ ನಾನು ತಪ್ಪು ಉತ್ತರ ಕೊಡಲಿಲ್ಲ ಎಂಬ ನೆಮ್ಮದಿಯಲ್ಲಿ ಬನಹಟ್ಟಿಗೆ ವಾಪಸಾದೆ.

ಫಲಿತಾಂಶ ಬಂತು. ಒಂಬತ್ತಕ್ಕೆ ಇಷ್ಟು ಎಂಬ ಲೆಕ್ಕ: ಓದುವುದಕ್ಕೆ ಎಂಟು, ಕೇಳುವುದಕ್ಕೆ ಎಂಟು, ಬರೆಯುವುದಕ್ಕೂ ಎಂಟು. ಮಾತಿಗೆ ಐದೂವರೆ.

ನನಗೆ ಬೇಕಾಗಿದ್ದುದು ಏಳು. ಸ್ಕಾಟ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಬಟ್ಟೆಯ ಬಣ್ಣಗಳ ರಸಾಯನಶಾಸ್ತ್ರ ಓದಲು ಒಂದು ವರ್ಷದ ಸೀಟು ಸಿಕ್ಕಿತ್ತು. ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಒಂದೇ ಷರತ್ತು: ನಾಲ್ಕು ಭಾಗಗಳಲ್ಲಿ ಯಾವುದರಲ್ಲೂ ಏಳಕ್ಕಿಂತ ಕಡಿಮೆ ಇರಬಾರದು. ಅವರು ಕೊಟ್ಟ ಗಡುವಿನೊಳಗೆ ಇನ್ನೊಂದೇ ಸಲ ಪರೀಕ್ಷೆ ಬರೆಯಲು ಅವಕಾಶವಿತ್ತು, ಅದಕ್ಕೆ ಏಳು ವಾರ ಉಳಿದಿತ್ತು. ಎಮ್ಮೆಸ್ಸಿಯಲ್ಲಿ ಎರಡು ವರ್ಷ ನಾನು ಮಾಡಿದ ಕೆಲಸವೆಲ್ಲ, ನಾನು ಕನ್ನಡಿ ನೋಡಿಕೊಳ್ಳುತ್ತೇನೋ ಇಲ್ಲವೋ ಎಂಬಲ್ಲಿಗೆ ಬಂದು ನಿಂತಿತ್ತು.

ಜಮಖಂಡಿಯಲ್ಲಿ ಹೈಸ್ಕೂಲಿನ ನಿವೃತ್ತ ಇಂಗ್ಲಿಷ್ ಶಿಕ್ಷಕಿಯೊಬ್ಬರು ಇಂಥ ಪರೀಕ್ಷೆಗಳಿಗೆ ತಯಾರಿ ಮಾಡಿಸುತ್ತಾರೆಂದು ಕೇಳಿ ಅವರ ಮನೆಗೆ ಹೋದೆ. ನಮ್ಮ ಕಡೆ ಎಲ್ಲರೂ ಶಿಕ್ಷಕಿಯರನ್ನು ಕರೆಯುವಂತೆ ಅವರನ್ನು ಅಕ್ಕೋರೆಂದೇ ಕರೆದೆ. ಅವರು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಟೇಬಲಿನ ಮೇಲಿಟ್ಟು, ಹತ್ತು ಪ್ರಶ್ನೆ ಕೇಳಿ, ಅದನ್ನೇ ನನಗೆ ಕೇಳಿಸಿದರು. ಅಕ್ಕೋರ ಪ್ರಶ್ನೆ. ಮೌನ. ಫ್ಯಾನಿನ ಸದ್ದು. ಅಕ್ಕೋರ ಇನ್ನೊಂದು ಪ್ರಶ್ನೆ. ಫ್ಯಾನು. ನಾಲ್ಕನೆಯ ಪ್ರಶ್ನೆಗೆ ನನ್ನ ಧ್ವನಿ ಒಂದು ಸಲ "ಯೆಸ್" ಎಂದಿತು.

"ಇದರಾಗ ನೀ ಎಲ್ಲಿ ಅದಿಯವಾ?" ಎಂದರು.

"ನಾ ಎಲ್ಲಾಕ್ಕೂ ಉತ್ತರಾ ಹೇಳೇನಲ್ರಿ!"

"ಹೇಳಿಲ್ಲ. ಹುಬ್ಬ ಹಾರಿಸಿದಿ, ಅಂಗೈ ಮಗಚಿದಿ, ಗದ್ದಾ ಎತ್ತಿದಿ. ಮಷೀನಿಗೆ ನಿನ್ನ ಗದ್ದಾ ಕಾಣತದೇನು?"

ಇದು ನನ್ನ ತಪ್ಪು ಮಾತ್ರವಲ್ಲ, ನಮ್ಮ ಓಣಿಯದು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಬೆಳಿಗ್ಗೆ ಕರೆಂಟು ಬಂದಾಗ ಶುರುವಾದರೆ ಅದು ಹೋಗುವವರೆಗೂ ಅವುಗಳ ಸದ್ದು ನಿಲ್ಲುವುದಿಲ್ಲ. ಎಡಕ್ಕೂ ಬಲಕ್ಕೂ ಎದುರಿಗೂ ಇಂಥವೇ ಶೆಡ್ಡುಗಳು. ಅಲ್ಲಿ ಮಾತು ಕೇಳಿಸುವುದಿಲ್ಲ. ಹಾಗಾಗಿ ಅಪ್ಪ ದೂರದಿಂದ ಹುಬ್ಬು ಹಾರಿಸಿದರೆ "ಏನಾತು" ಎಂದು. ಅವ್ವ ಅಂಗೈ ಮಗುಚಿದರೆ "ನೂಲು ಮುಗೀತು" ಎಂದು. ಗದ್ದ ಎತ್ತಿದರೆ "ಹೂಂ, ನಡೀಲಿ" ಎಂದು. ಊಟವಾಯಿತೇ, ಸೀರೆ ಎಷ್ಟು ಗಜವಾಯಿತು, ಯಾರು ಬಂದಿದ್ದಾರೆ, ಅವರನ್ನು ಕೂರಿಸಬೇಕೇ ಕಳಿಸಬೇಕೇ, ಎಲ್ಲವನ್ನೂ ನಾವು ಬಾಯಿ ತೆರೆಯದೆ ಮಾತಾಡಿಕೊಳ್ಳುತ್ತೇವೆ. ಮೊದಲೇ ಮಾತು ಕಡಿಮೆ ಇದ್ದ ನನಗೆ ಅದು ಬಹಳ ಅನುಕೂಲದ ಭಾಷೆಯಾಗಿತ್ತು. ಹುಬ್ಬಳ್ಳಿಯ ಪರೀಕ್ಷಕರ ಎದುರು ನಾನು ಎಷ್ಟೊಂದು ಸಂಗತಿಗಳನ್ನು ಗದ್ದದಿಂದ ಹೇಳಿದ್ದೆನೋ! ಹನ್ನೊಂದು ನಿಮಿಷ ಅವರು ನನ್ನ ಹುಬ್ಬುಗಳನ್ನು ನೋಡಿ ಏನೆಂದುಕೊಂಡರೋ! ಯೋಚಿಸಿ ನನಗೆ ಅಲ್ಲೇ ನಗು ಬಂತು. ಅಕ್ಕೋರೂ ನಕ್ಕರು. ಆಮೇಲೆ ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರಲು ಹೇಳಿದರು.

ಕೈಗಳನ್ನು ಕಟ್ಟಿಹಾಕಿದ್ದಾಯಿತು; ಮಾತು ಬರಬೇಕಲ್ಲ? ಅಕ್ಕೋರ ಪಾಠ ಸರಳವಾಗಿತ್ತು. ಮೊದಲು ನೇರ ಉತ್ತರ. ಆಮೇಲೆ ಯಾಕೆ ಎಂಬುದು. ಅದರ ಮೇಲೆ, ನೀನೇ ಕಂಡ ಒಂದು ಚಿಕ್ಕ ಸಂಗತಿ. ಬಾಯಿಪಾಠ ಮಾಡಿಕೊಂಡು ಬಂದರೆ ಅವರಿಗೆ ತಿಳಿಯುತ್ತದೆ. ದೊಡ್ಡ ಶಬ್ದಗಳ ಅಗತ್ಯವಿಲ್ಲ. ತಡವರಿಸಿದರೆ ಅಡ್ಡಿಯಿಲ್ಲ, ನಿಂತುಬಿಡಬಾರದು. ಅಭ್ಯಾಸಕ್ಕೆಂದು ನನ್ನ ಎದುರಿನ ಕುರ್ಚಿಯ ಮೇಲೆ ತಮ್ಮ ನಾಯಿಯನ್ನು ಕೂರಿಸಿದರು. ಮುಧೋಳದಲ್ಲಿದ್ದ ಅವರ ತಮ್ಮ ಕೊಟ್ಟ ಮುಧೋಳ ತಳಿಯ ನಾಯಿ ಅದು. ಬೂದುಬಣ್ಣ, ಎಣಿಸಬಹುದಾದ ಪಕ್ಕೆಲುಬು, ಉದ್ದನೆಯ ಗಂಭೀರ ಮುಖ.

"ಪರೀಕ್ಷಾ ಮಾಡಾವರ ಮಾರಿ ಹಿಂಗ ಇರತದ. ನಗಂಗಿಲ್ಲ, ಛಲೋ ಅನ್ನಂಗಿಲ್ಲ. ಅಂಜಬ್ಯಾಡ. ಹೇಳು, ನಿನಗ ಯಾವ ಬಣ್ಣಾ ಸೇರತದ?"

ನಾಯಿಗೆ ಕೂಡ ನನ್ನ ಇಷ್ಟದ ಬಣ್ಣ ಹೇಳಲು ನನಗೆ ಮನಸ್ಸಾಗಲಿಲ್ಲ.

ಅದು ಇಂಗ್ಲಿಷಿನ ತೊಂದರೆ ಆಗಿರಲಿಲ್ಲ. ನನ್ನ ವಿಷಯ ಪರರಿಗೇಕೆ ಎಂಬುದು ನನ್ನ ಹಳೆಯ ನಿಲುವು. ಅಕ್ಕೋರು ಅದನ್ನು ಎರಡನೇ ವಾರ ಹಿಡಿದರು. "ಹಂಗಿದ್ರ ಸುಳ್ಳ ಹೇಳು. ಅವರು ನಿಮ್ಮ ಮನಿಗೆ ಬಂದು ನೋಡಂಗಿಲ್ಲ" ಎಂದರು. ಸರಿ, ಬಿಡುವಿನಲ್ಲಿ ಏನು ಮಾಡುತ್ತೀರಿ ಎಂದದ್ದಕ್ಕೆ, ಹಿಪ್ಪರಗಿಯಲ್ಲಿ ಕೃಷ್ಣಾ ನದಿಯಲ್ಲಿ ಈಜುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಾಕೆ ಇಷ್ಟ? ತಣ್ಣಗಿರುತ್ತದೆ. ಅಲ್ಲಿ ಎಷ್ಟು ಆಳವಿದೆ? ಆಳದ ಮಾತು ಬಂದ ಕೂಡಲೇ ನನ್ನೊಳಗಿನ ನಿಖರತೆ ಎದ್ದು ಕೂತಿತು. ಅಲ್ಲಿ ಬ್ಯಾರೇಜು ಇರುವುದರಿಂದ ಗೇಟು ಹಾಕಿದಾಗ ಒಂದು ಆಳ, ತೆಗೆದಾಗ ಇನ್ನೊಂದು, ಆದ್ದರಿಂದ ಅಲ್ಲಿ ಈಜುವುದು ಅಪಾಯ, ಆದ್ದರಿಂದ ಯಾರೂ ಈಜಬಾರದು, ನಾನೂ ಈಜುವುದಿಲ್ಲ, ನನಗೆ ಈಜಲು ಬರುವುದಿಲ್ಲ.

ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಏ ಹುಚ್ಚಿ, ಸುಳ್ಳ ಹೇಳಾಕೂ ಜಿಪುಣತನಾ ಮಾಡ್ತೀಯಲ್ಲ! ಕೇಳು ಇಲ್ಲೆ. ಮಂದಿ ಬಂದ್ರ ಎಲ್ಲಾರನೂ ದೇವರ ಕ್ವಾಣಿತನಕಾ ಕರಕೊಂಡ ಹೋಗ್ತೀರೇನು? ಇಲ್ಲ. ಕಟ್ಟಿ ಮ್ಯಾಲ ಕುಂಡ್ರಸ್ತೀರಿ, ಚಾ ಕೊಡ್ತೀರಿ, ಅವರೂ ಖುಷಿ, ನಿಮ್ಮ ಮನಿನೂ ನಿಮಗ. ನೀ ಏನ ಮಾಡಾಕತ್ತಿ? ಕಟ್ಟಿಗೂ ಕೀಲಿ ಹಾಕಾಕತ್ತಿ."

ಅವತ್ತು ಬನಹಟ್ಟಿಯ ಬಸ್ಸಿನಲ್ಲಿ ಕುಳಿತು, ಕಟ್ಟೆಯ ಮೇಲೆ ಕೊಡಬಹುದಾದ್ದು ನನ್ನ ಬಳಿ ಏನೇನಿದೆ ಎಂದು ಯೋಚಿಸಿದೆ. ಬಹಳ ಇತ್ತು! ಬಿರುಕು ಬಿಟ್ಟ ಕನ್ನಡಿಯೂ ಇತ್ತು. ಅದರ ಎದುರು ನಿಂತು ಅಪ್ಪ ಗಡ್ಡ ಮಾಡಿಕೊಳ್ಳುವಾಗ ಕೆನ್ನೆ ಎರಡಾಗಿ ಕಾಣುವುದು, ಅವರು ಪ್ರತಿ ಭಾನುವಾರ ಅದೇ ಜಾಗದಲ್ಲಿ ಕೊಯ್ದುಕೊಳ್ಳುವುದು. ಅದನ್ನು ಹೇಳಿದರೆ ನನ್ನದೇನೂ ಹೋಗುತ್ತಿರಲಿಲ್ಲ. ಕನ್ನಡಿ ನನಗೇಕೆ ಇಷ್ಟವಿಲ್ಲ ಎಂಬುದು ಒಳಗೇ ಇರಬಹುದಿತ್ತು. ಮರುದಿನ ನಾಯಿಯ ಎದುರು ಕೂತು ನೀಲಿ ಬಣ್ಣದ ಮೇಲೆ ನಿಲ್ಲಿಸದೆ ಮಾತಾಡಿದೆ. ಮೊದಲ ತೊಳೆತದಲ್ಲಿ ಅದು ಬಿಡುವ ನೀರು, ಅವ್ವನ ಬೆರಳುಗಳು, ಪಕ್ಕದ ಮನೆಯವರ ಬಿಳಿ ಪಂಚೆ. ನಾಯಿ ಎದ್ದು ಹೋಯಿತು. ಅಕ್ಕೋರು ಚಪ್ಪಾಳೆ ತಟ್ಟಿದರು.

ಆಮೇಲೆ ನನಗೆ ಅದರ ಹುಚ್ಚು ಹಿಡಿಯಿತು ಎಂದೇ ಹೇಳಬೇಕು. ಅಂಗಡಿಯವರು ಸಕ್ಕರೆ ಎಷ್ಟು ಎಂದರೆ ಅರ್ಧ ಕೆಜಿ ಎಂದು ಹೇಳಿ, ಯಾಕೆ ಅರ್ಧ ಎಂಬುದನ್ನೂ ಹೇಳುತ್ತಿದ್ದೆ. ಬಸ್ಸಿನಲ್ಲಿ ಯಾವೂರವಾ ಎಂದವರಿಗೆ ಊರು, ಓಣಿ, ಓಣಿಯಲ್ಲಿ ಎಷ್ಟು ಮಗ್ಗ ನಿಂತಿವೆ, ಎಷ್ಟು ನಡೆದಿವೆ, ಎಲ್ಲ ಸಿಗುತ್ತಿತ್ತು. ಪರೀಕ್ಷೆಗೆ ಒಂಬತ್ತು ದಿನ ಇರುವಾಗ, ನಾನು ಇಂಥ ಸ್ಥಿತಿಯಲ್ಲಿರುವಾಗ, ಬೀಳಗಿಯಿಂದ ನನ್ನನ್ನು ನೋಡಲು ಬಂದರು.

ಅಪ್ಪನ ಪರಿಚಯದವರೊಬ್ಬರು ಹಿಡಿದು ತಂದ ಸಂಬಂಧ. ಕಬ್ಬಿನ ಹೊಲ ಇದ್ದ ಮನೆತನ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಹುಡುಗ, ಹುಡುಗನ ಕಾಕಾ, ಅವನ ಅವ್ವ, ಮತ್ತು ಎಂಬತ್ತರ ಹತ್ತಿರದ ಅಜ್ಜಿ ಬಂದಿದ್ದರು. ಅವರು ಬರುತ್ತಾರೆಂದು ಅಪ್ಪ ಮಗ್ಗ ನಿಲ್ಲಿಸಿದ್ದರು. ನಮ್ಮ ಮನೆಯಲ್ಲಿ ಹಗಲಲ್ಲಿ ಅಷ್ಟು ನಿಶ್ಶಬ್ದ ನಾನು ಕಂಡಿರಲಿಲ್ಲ. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಹುಡುಗಿ ತಲೆ ಬಗ್ಗಿಸಿ ಚಾಪೆಯ ಮೇಲೆ ಕೂರಬೇಕು, "ಹೂಂ ರೀ", "ಇಲ್ರಿ" ಎರಡರಲ್ಲಿ ಮುಗಿಸಬೇಕು. ಅವ್ವ ಬೆಳಿಗ್ಗೆಯೇ ಹೇಳಿದ್ದಳು: "ಕೇಳಿದ್ದಕ್ಕಷ್ಟ ಹೇಳು." ಇಪ್ಪತ್ತಾರು ವರ್ಷ ನನಗೆ ಆ ಮಾತು ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

"ಅಡಿಗಿ ಬರತದೇನವಾ?" ಎಂದು ಕಾಕಾ ಶುರು ಮಾಡಿದರು.

ಹೂಂ ರೀ ಎನ್ನಬೇಕೆಂದೇ ಬಾಯಿ ತೆರೆದೆ. "ಬರತದ್ರಿ" ಎಂದೆ. ಅಲ್ಲಿಗೆ ಸಾಕಿತ್ತು. ಆದರೆ ನೇರ ಉತ್ತರ ಮುಗಿದ ಕೂಡಲೇ ನಾಲಿಗೆ ತಾನಾಗಿ ಮುಂದಿನ ಮೆಟ್ಟಿಲಿಗೆ ಕಾಲಿಟ್ಟಿತು. "ಅದರಾಗ ರೊಟ್ಟಿ ಬಡ್ಯೂದು ನನಗ ಭಾಳ ಸೇರತದ್ರಿ, ಯಾಕಂದ್ರ ರೊಟ್ಟಿ ಬಡಿಯೂ ಮುಂದ ಯಾರೂ ನನ್ನ ಮಾತಾಡಸಂಗಿಲ್ಲ. ಮೊನ್ನೆ ಸೋಮವಾರ ಹದಿನಾಕು ಬಡದೆ. ಮೂರು ಹರದುವು."

ಅವ್ವನ ಹುಬ್ಬು ಹಾರಿತು. ಗದ್ದ ಕೆಳಗಿಳಿಯಿತು. ಅಂಗೈ ಎರಡು ಸಲ ಮಗುಚಿತು. ನಾನು ಅದನ್ನು ನೋಡಿಯೂ ನೋಡಲಿಲ್ಲ.

"ಹರದ ಮೂರೂ ಏನ ಮಾಡಿದೆವಾ?" ಎಂದು ಅಜ್ಜಿ ಮುಂದಕ್ಕೆ ಬಾಗಿ ಕೇಳಿದರು.

"ಯಾರಿಗೂ ಕಾಣಬಾರದಂತ ನಾನ ತಿಂದೆ ರೀ. ಕಾಣತದ ಅಂತ ಬಿಸಿ ಇದ್ದಾಗನ ತಿಂದೆ. ನಾಲಗಿ ಸುಟ್ಟತು."

ಅಜ್ಜಿ ಗಹಗಹಿಸಿ ನಕ್ಕರು. ಬಾಯಲ್ಲಿ ಮೂರೇ ಹಲ್ಲಿದ್ದವು. "ನಾನೂ ಹಂಗ ಮಾಡತಿದ್ನಿ ಬೇ!" ಎಂದು ತಮ್ಮ ಸೊಸೆಯ ತೊಡೆಗೆ ಹೊಡೆದರು. ಸೊಸೆ ನಗಲಿಲ್ಲ.

"ಮದವಿ ಆದಮ್ಯಾಗೂ ಕಲಿಯಾಕಿ ಏನು?" ಕಾಕಾನ ಧ್ವನಿ ಸ್ವಲ್ಪ ಬಿಗಿಯಾಗಿತ್ತು.

"ಮದವಿಕಿಂತ ಮೊದಲ ಕಲಿಯಾಕಿ ರೀ. ಏಳು ಬಂದ್ರ ಒಂದ ವರ್ಷ ಪರದೇಶಕ್ಕ ಹೊಂಟೇನಿ."

"ಏಳು ಏನು? ಏಳು ಗಂಟೇಕ?"

ಆಗ ನಾನು ಆ ಪರೀಕ್ಷೆಯನ್ನು ವಿವರಿಸಿದೆ. ಅರ್ಧ ಅಂಕ ಹೇಗೆ ಕೊಡುತ್ತಾರೆ, ಕನ್ನಡಿಯ ಪ್ರಶ್ನೆ ಯಾಕೆ ಕೇಳುತ್ತಾರೆ, ಬಾಯಿಪಾಠ ಮಾಡಿದರೆ ಹೇಗೆ ಸಿಕ್ಕಿಬೀಳುತ್ತಾರೆ. ಹುಡುಗ ಮೊದಲ ಸಲ ತಲೆ ಎತ್ತಿ, ನಗು ತಡೆದುಕೊಂಡು, "ಹಂಗಾದ್ರ ಈಗ ನೀವು ತಯಾರಿ ಮಾಡಾಕತ್ತೀರೇನ್ರಿ?" ಎಂದ. ನಾನು ಸತ್ಯವಾಗಿ "ಹೌದ್ರಿ" ಎಂದೆ. ಕಡೆಗೆ ಕಾಕಾ ಲೋಟ ಕೆಳಗಿಟ್ಟು ಏಳಲು ಹೊರಟಾಗ, ಐದು ವಾರದ ರೂಢಿಯಲ್ಲಿ ನಾನು ಕೇಳಿದೆ: "ಇಷ್ಟ ಸಾಕೇನ್ರಿ, ಇನ್ನೊಂದು ಉದಾಹರಣಿ ಹೇಳ್ಲಿ?"

ಮೂರನೇ ದಿನ ಮಧ್ಯಸ್ಥರ ಫೋನು ಬಂತು. ಅವ್ವ ಸ್ಪೀಕರಿಗೆ ಹಾಕಿದಳು. "ಹುಡುಗಿ ಛಲೋ ಅದಾಳಂತ್ರಿ. ಆದ್ರ ಭಾಳ ಮಾತಾಡತಾಳಂತ."

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಅಪ್ಪ ಮಾತ್ರ ಬಹಳ ಹೊತ್ತು ಯೋಚಿಸಿ, "ಹತ್ತ ವರ್ಷದಾಗ ಕೇಳಿದ್ದಕ್ಕಿಂತ ಅವತ್ತ ಅರ್ಧಾ ತಾಸಿನ್ಯಾಗ ನಿನ್ನ ಮಾತ ಹೆಚ್ಚ ಕೇಳಿದೆ ನೋಡು" ಎಂದು ಮಗ್ಗ ಚಾಲೂ ಮಾಡಲು ಹೋದರು. ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಭಾಳ ಮಾತಾಡತಾಳಂತ! ನನ್ನನ್ನು! ಅಂದೇ ಕಾಲು ಕೆಜಿ ಪೇಢೆ ಕಟ್ಟಿಸಿಕೊಂಡು ಜಮಖಂಡಿಗೆ ಹೋದೆ. ಪೊಟ್ಟಣ ನೋಡಿ ಅಕ್ಕೋರು "ಸಂಬಂಧ ಕೂಡಿತೇನು?" ಎಂದರು. "ಮುರೀತ್ರಿ" ಎಂದು ಅವರ ಬಾಯಿಗೆ ಪೇಢೆ ಹಾಕಿದೆ. ಕಾರಣ ಕೇಳಿದ ಮೇಲೆ ಅವರು ಇನ್ನೊಂದು ತಾವೇ ತೆಗೆದುಕೊಂಡರು.

ಪರೀಕ್ಷೆಯ ದಿನ ಹುಬ್ಬಳ್ಳಿಗೆ ಅವ್ವ ಜೊತೆಗೆ ಬಂದಳು. ಈ ಸಲ ಪರೀಕ್ಷಕಿ ಒಬ್ಬ ಹೆಂಗಸು. ಕನ್ನಡಕ, ಬಿಳಿ ಕೂದಲು, ಏನೂ ಹೇಳದ ಮುಖ. ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೆ. ಎಲ್ಲಿ ವಾಸಿಸುತ್ತೀರಿ, ಅಲ್ಲಿ ಏನು ಇಷ್ಟ? ಕರೆಂಟು ಹೋದ ಮೊದಲ ನಿಮಿಷ ಇಷ್ಟ ಎಂದೆ. ಇಡೀ ಓಣಿಯಲ್ಲಿ ಮಗ್ಗಗಳು ಒಟ್ಟಿಗೆ ನಿಂತಾಗ, ಅದುವರೆಗೆ ಕೂಗಿ ಮಾತಾಡುತ್ತಿದ್ದವರ ಅರ್ಧ ವಾಕ್ಯಗಳು ಎಲ್ಲರಿಗೂ ಕೇಳಿಸಿಬಿಡುತ್ತವೆ, ಹಾಗೆ ಕೇಳಿಯೇ ನಮಗೆ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಗೊತ್ತಾಗುವುದು. ಹಳೆಯ ವಸ್ತುಗಳನ್ನು ಇಟ್ಟುಕೊಳ್ಳುತ್ತೀರಾ? ಹಾಡುತ್ತೀರಾ? ಹಾಡುವುದಿಲ್ಲ, ಯಾಕೆಂದರೆ, ಒಮ್ಮೆ ಏನಾಯಿತೆಂದರೆ. ಎರಡು ಸಲ ತಡವರಿಸಿದೆ, ಒಂದು ಕ್ರಿಯಾಪದವನ್ನು ಹಿಂದಕ್ಕೆ ಹೋಗಿ ಸರಿಮಾಡಿಕೊಂಡೆ, ನಿಲ್ಲಲಿಲ್ಲ.

ಆಮೇಲೆ ಅವರು ಒಂದು ಚೀಟಿ ಕೊಟ್ಟರು. ಎರಡು ನಿಮಿಷ ಮಾತಾಡಬೇಕು: ನಿಮ್ಮ ಮನೆಗೆ ಬಂದ, ನಿಮಗೆ ಮೆಚ್ಚುಗೆಯಾದ ಒಬ್ಬ ಅತಿಥಿಯ ಬಗ್ಗೆ.

ಚೀಟಿ ಓದಿ ನನಗೆ ನಗು ಬಂತು. ತಡೆಯಲು ಕೆಮ್ಮಿದೆ. ನೀರು ಕುಡಿದೆ. ಟಿಪ್ಪಣಿ ಮಾಡಿಕೊಳ್ಳಲು ಕೊಟ್ಟ ಒಂದು ನಿಮಿಷದಲ್ಲಿ ಕಾಗದದ ಮೇಲೆ "ಮೂರು" ಎಂದಷ್ಟೇ ಬರೆದೆ. ಆಮೇಲೆ ಆ ಅಜ್ಜಿಯ ಬಗ್ಗೆ ಹೇಳಿದೆ. ಯಾವ ಊರು, ಯಾಕೆ ಬಂದಿದ್ದರು ಎಂಬುದನ್ನು ಒಳಗೇ ಇಟ್ಟುಕೊಂಡೆ. ರೊಟ್ಟಿ ಎಂದರೇನು, ಅದನ್ನು ಅಂಗೈಯಲ್ಲಿ ಹೇಗೆ ತಟ್ಟುತ್ತಾರೆ, ಹರಿದರೆ ಅದನ್ನು ಹುಡುಗಿ ಏಕೆ ಮುಚ್ಚಿಡುತ್ತಾಳೆ, ಬಂದ ಎಲ್ಲರೂ ನನಗೆ ಏನು ಬರುತ್ತದೆ ಎಂದು ಕೇಳುತ್ತಿದ್ದಾಗ ಆಕೆಯೊಬ್ಬಳೇ ಏನು ಕೆಟ್ಟಿತು ಎಂದು ಕೇಳಿದ್ದು. ಹೇಳುತ್ತ ಹೇಳುತ್ತ ನನಗೇ ಅದು ಆಗ ತಿಳಿಯಿತು. ಬೀಳಗಿಯ ಆ ಅಜ್ಜಿಯನ್ನು ನಾನು ಯಾಕೆ ಇಷ್ಟಪಟ್ಟೆ ಎಂಬುದು. ಅಷ್ಟರಲ್ಲಿ ಪರೀಕ್ಷಕಿ "ಥ್ಯಾಂಕ್ ಯೂ" ಎಂದು ಚೀಟಿಗೆ ಕೈ ಚಾಚಿದರು.

"ದಯವಿಟ್ಟು ತಡೆಯಿರಿ, ಆಕೆ ಇನ್ನೂ ನಕ್ಕಿಲ್ಲ" ಎಂದುಬಿಟ್ಟೆ, ಇಂಗ್ಲಿಷಿನಲ್ಲಿ.

ಅವರು ಚೀಟಿ ತೆಗೆದುಕೊಂಡರು. ನಿಯಮ ಹಾಗಿದೆ. ಆದರೆ ಮುಂದಿನ ಪ್ರಶ್ನೆ ಕೇಳುವ ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು, ಅದನ್ನು ಒರೆಸಲು ಬೇಕಾಗುವುದಕ್ಕಿಂತ ಹೆಚ್ಚು ಹೊತ್ತು.

ಫಲಿತಾಂಶ ಬರುವ ದಿನ ನಾನೂ ಅವ್ವನೂ ಮುಧೋಳದಲ್ಲಿದ್ದೆವು. ಸೋದರತ್ತೆಯ ಬಸುರಿ ಸೊಸೆಗೆ ಸೀಮಂತದ ಕುಬಸವಿತ್ತು. ಹೊಟ್ಟೆ ತುಂಬ ಉಂಡು, ಕೈತುಂಬ ಬಳೆ ಇಡಿಸಿಕೊಂಡು ಸಂಜೆ ಬಸ್ ನಿಲ್ದಾಣಕ್ಕೆ ಬಂದಾಗ ಮೊಬೈಲು ಒಮ್ಮೆ ನಡುಗಿತು. ತೆರೆಯಲು ಧೈರ್ಯ ಸಾಲದೆ ಅವ್ವನ ಕೈಗೆ ಕೊಟ್ಟೆ. ಅವಳಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ.

"ಎಂಟು ಅದಾವು ಮೂರು. ಇಲ್ಲೊಂದು ಏಳೂವರಿ ಐತಿ. ಇದಕ್ಕೇನು ಅರ್ಧಾ ಕಡಿಮಿ ಬಿತ್ತು?"

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಮುಂದಿನದೂ ಅಷ್ಟು ನೆನಪಿಲ್ಲ. ಎದುರಿಗೆ ಬಂದು ನಿಂತ ಬಸ್ಸು ಹತ್ತಿದೆವು, ಇಬ್ಬರೂ ನಗುತ್ತಿದ್ದೆವು, ಬಳೆಗಳು ಸದ್ದು ಮಾಡುತ್ತಿದ್ದವು, ಅವ್ವ ಪಕ್ಕದ ಸೀಟಿನವರಿಗೆ "ನನ್ನ ಮಗಳಿಗೆ ಮಾತಾಡೂದ್ರಾಗ ಏಳೂವರಿ ಬಂದತ್ರಿ" ಎನ್ನುತ್ತಿದ್ದಳು. ಘಟಪ್ರಭಾ ಸೇತುವೆ ದಾಟಿದ ಮೇಲೆ ಕಂಡಕ್ಟರು ಬಂದರು.

"ಬನಹಟ್ಟಿ, ಎರಡು" ಎಂದಳು ಅವ್ವ.

"ಬನಹಟ್ಟಿ ಅಲ್ಲೆ ಹಿಂದ ಉಳೀತ್ರಿ ಬಾಯಾರ. ಇದು ಲೋಕಾಪುರ ಗಾಡಿ."

ಲೋಕಾಪುರದಲ್ಲಿ ಇಳಿದೆವು. ಬೇರೆ ದಿನವಾಗಿದ್ದರೆ ಅವ್ವ ಬೈಯುತ್ತಿದ್ದಳು. ಅವತ್ತು ನಿಲ್ದಾಣದ ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಊರು ಬಿಟ್ಟು ಹ್ವಾದಾಕಿ ಅಂತೂ ಹ್ವಾದಿ, ನನ್ನನೂ ಕರಕೊಂಡ ಬಂದಿ" ಎಂದಳು. ಚಹಾ ಬಂತು. ಅಲ್ಲಿ ಎಷ್ಟು ಥಂಡಿ ಎಂದು ಕೇಳಿದಳು. ಹೇಳಿದೆ. ಜೋಳದ ಹಿಟ್ಟು ಸಿಗುತ್ತದೆಯೇ ಎಂದಳು. ಗೊತ್ತಿಲ್ಲ ಎಂದೆ, ಸಿಗದಿದ್ದರೆ ಏನು ಮಾಡುವೆನೆಂದೂ ಹೇಳಿದೆ. ಯಾರ ಜೊತೆ ಇರುತ್ತಿ, ಬಟ್ಟೆ ಎಲ್ಲಿ ಒಣಗಿಸುತ್ತಿ, ಜ್ವರ ಬಂದರೆ ಯಾರನ್ನು ಕರೆಯುತ್ತಿ. ನನ್ನ ಅವ್ವ ಜೀವಮಾನದಲ್ಲಿ ನನಗೆ ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಒಂದೊಂದಕ್ಕೂ ಪೂರ್ತಿ ಉತ್ತರ ಕೊಟ್ಟೆ.

ಆಮೇಲೆ ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನನ್ನತ್ತ ನೋಡದೆ ಕೇಳಿದಳು: "ಖರೆ ಹೇಳು. ನಿನಗ ಅಂಜಿಕಿ ಆಗೂದಿಲ್ಲೇನು?"

ಈ ಪ್ರಶ್ನೆಗೆ ನನ್ನ ಬಳಿ ತಯಾರಿ ಇರಲಿಲ್ಲ. ಲೋಟವನ್ನು ಬೆಂಚಿನ ಮೇಲಿಟ್ಟೆ. ಅವಳು ಕಾದಳು. ಆಮೇಲೆ ಹೇಳಿದೆ. ಯಾವುದಕ್ಕೆ ಅಂಜಿಕೆ, ಯಾವತ್ತಿನಿಂದ, ಆದರೂ ಯಾಕೆ ಹೋಗಬೇಕು, ಎಲ್ಲವನ್ನೂ ಹೇಳಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಅವ್ವ ಇನ್ನೆರಡು ಚಹಾ ಹೇಳಿದಳು. ಮುಧೋಳಕ್ಕೆ ಹೋಗುವ ಬಸ್ಸು ಒಂದು ಬಂದು ಹೋಯಿತು, ಇನ್ನೊಂದೂ ಬಂದು ಹೋಯಿತು.